ಕಮಲಾಪುರದ ಗುರುವಾರದ ಕುಣಿತ

ಕೋವಿಡ್‌ನ ಎರಡನೇ ಅಲೆ ಇಳಿದ ಮರುವರ್ಷ ನಾನು ಕಲಬುರಗಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹಿರಿಯ ಫಿಸಿಯೋಥೆರಪಿಸ್ಟ್ ಆಗಿದ್ದೆ. ಜಗತ್ ವೃತ್ತದಿಂದ ನಡೆದು ಹೋಗುವಷ್ಟು ದೂರದಲ್ಲಿದ್ದ ಆ ಆಸ್ಪತ್ರೆಯವರು ಕಮಲಾಪುರದಲ್ಲೂ ಒಂದು ಚಿಕ್ಕ ಕ್ಲಿನಿಕ್ ನಡೆಸುತ್ತಿದ್ದರು. ಪ್ರತಿ ಗುರುವಾರ ಅಲ್ಲಿಗೆ ಹೋಗುವ ಪಾಳಿ ನನ್ನದು. ಬೆಳಿಗ್ಗೆ ಹುಮನಾಬಾದ್ ಕಡೆಯ ಬಸ್ ಹಿಡಿದರೆ ಮಹಾಗಾಂವ ಕ್ರಾಸ್ ದಾಟಿ, ತೊಗರಿ ಹೊಲಗಳ ನಡುವೆ ಸಾಗಿ, ಬಿಸಿಲು ಚುರುಕಾಗುವ ಹೊತ್ತಿಗೆ ಕಮಲಾಪುರದಲ್ಲಿ ಇಳಿಯುತ್ತಿದ್ದೆ. ಕೆಂಪು ಬಾಳೆಹಣ್ಣಿನ ಗಾಡಿಗಳ ಹಿಂದಿನ ಓಣಿಯಲ್ಲಿ ನಮ್ಮ ಕ್ಲಿನಿಕ್. ಎರಡು ಕೋಣೆ, ಒಂದು ಉದ್ದನೆಯ ಪಡಸಾಲೆ, ಹಿತ್ತಲಿನಲ್ಲಿ ಹಳೆಯ ಸಾಮಾನು ತುಂಬಿದ್ದ ತಗಡಿನ ಶೆಡ್.

ಅಲ್ಲಿಗೆ ಬರುತ್ತಿದ್ದವರಲ್ಲಿ ಹೆಚ್ಚಿನವರಿಗೆ ಮೊಣಕಾಲು ನೋವು, ಸೊಂಟ ನೋವು. ಲಕ್ವ ಹೊಡೆದು ಒಂದು ಪಕ್ಕ ಸ್ವಾಧೀನ ತಪ್ಪಿದವರೂ ಇರುತ್ತಿದ್ದರು. ಇಷ್ಟು ವರ್ಷಗಳ ಕೆಲಸದಲ್ಲಿ ನೂರಾರು ಜನರನ್ನು ಮತ್ತೆ ಕಾಲ ಮೇಲೆ ನಿಲ್ಲಿಸಿದ ಸಮಾಧಾನ ನನಗಿದೆ. ಆದರೆ ನನ್ನ ವೃತ್ತಿಯ ಬಗ್ಗೆ ಯಾರಾದರೂ ಕೇಳಿದರೆ ಮೊದಲು ನೆನಪಾಗುವುದು ಆ ತಗಡಿನ ಶೆಡ್, ಮತ್ತು ಅದರೊಳಗೆ ಕುಣಿದವರು.

ಚನ್ನಬಸಪ್ಪನವರು ಕ್ಲಿನಿಕ್‌ಗೆ ಬಂದದ್ದು ಆ ಬೇಸಿಗೆಯಲ್ಲಿ. ಕಲಬುರಗಿಯ ನೆಹರು ಗಂಜ್ ಮಾರುಕಟ್ಟೆಯಲ್ಲಿ ತೊಗರಿಬೇಳೆಯ ಸಗಟು ವ್ಯಾಪಾರ ಮಾಡಿ ಹೆಸರಾದವರು. ಈಗ ಅಂಗಡಿಯನ್ನು ತಮ್ಮನಿಗೆ ಬಿಟ್ಟುಕೊಟ್ಟು ಕಮಲಾಪುರದ ಮನೆಯಲ್ಲಿದ್ದರು. ಎತ್ತರದ ಆಳು, ಬಿಳಿ ಧೋತರ, ಹಣೆಯಲ್ಲಿ ವಿಭೂತಿ. ಅವರ ಹೆಂಡತಿ ನೀಲಮ್ಮ ತೋಳು ಹಿಡಿದು ಕರೆತಂದಿದ್ದರು. ಪಡಸಾಲೆಯವರೆಗೆ ಸಣ್ಣ ಸಣ್ಣ ಹೆಜ್ಜೆಯಲ್ಲಿ ಬಂದ ಅವರು ನನ್ನ ಕೋಣೆಯ ಬಾಗಿಲಿಗೆ ಬರುತ್ತಲೇ ನಿಂತುಬಿಟ್ಟರು. ಮೈ ಮುಂದಕ್ಕೆ ಬಾಗಿತ್ತು, ಮೊಣಕಾಲು ನಡುಗುತ್ತಿತ್ತು, ಪಾದ ಮಾತ್ರ ನೆಲ ಬಿಟ್ಟು ಏಳಲಿಲ್ಲ.

"ಹಿಂಗ ನೋಡ್ರಿ ಮೇಡಂ," ಎಂದರು ನೀಲಮ್ಮ. "ಬಯಲಾಗ ನಡೀತಾರ. ಹೊಸ್ತಲ ಬಂತಂದ್ರ ಸಾಕು, ಯಾರೋ ಕಾಲಿಗೆ ಮೊಳಿ ಹೊಡದಂಗ ನಿಲ್ತಾರ. ನಾ ಎಳೀಬೇಕು, ಇವ್ರು ಬೀಳಬೇಕು. ಎರಡು ಸಲ ಇಬ್ರೂ ಕೂಡೇ ಬಿದ್ದೀವ್ರಿ."

ಅವರಿಗಿದ್ದದ್ದು ಪಾರ್ಕಿನ್ಸನ್ ಕಾಯಿಲೆ. ಕೈ ನಡುಗುವ ರೋಗ ಎಂದು ಜನ ಇದನ್ನು ಗುರುತಿಸುತ್ತಾರೆ. ನಡುಕ ಅದರ ಒಂದು ಮುಖ ಮಾತ್ರ. ನಾವು ನಡೆಯುವಾಗ ಒಂದೊಂದು ಹೆಜ್ಜೆಯನ್ನೂ ಯೋಚಿಸಿ ಇಡುವುದಿಲ್ಲ. ಮಿದುಳಿನ ಒಳಭಾಗವೊಂದು ಆ ಕೆಲಸವನ್ನು ನಮ್ಮ ಅರಿವಿಗೆ ಬಾರದಂತೆ ನೋಡಿಕೊಳ್ಳುತ್ತದೆ. ಪಾರ್ಕಿನ್ಸನ್‌ನಲ್ಲಿ ಡೋಪಮಿನ್ ಎಂಬ ರಾಸಾಯನಿಕ ಕಡಿಮೆಯಾಗಿ ಈ ಏರ್ಪಾಟು ಸಡಿಲವಾಗುತ್ತದೆ. ಬಾಗಿಲು, ತಿರುವು, ಇಕ್ಕಟ್ಟಾದ ಜಾಗ ಬಂದಾಗ ಕಾಲು ಅಂಟಿಕೊಂಡಂತಾಗುವುದಕ್ಕೆ ನಾವು ಫ್ರೀಜಿಂಗ್ ಎನ್ನುತ್ತೇವೆ. ಸ್ನಾಯುಗಳಲ್ಲಿ ಬಲ ಇರುತ್ತದೆ, ಆದರೆ ಹೊರಡು ಎಂಬ ಅಪ್ಪಣೆ ತಲುಪುವುದಿಲ್ಲ. ಕಾಯಿಲೆಯನ್ನು ವಾಸಿಮಾಡುವ ಔಷಧಿ ಇಲ್ಲ, ಹತೋಟಿಯಲ್ಲಿಡುವ ಮಾತ್ರೆಗಳಿವೆ. ಬೀಳದಂತೆ ನಡೆಸುವುದು ನನ್ನಂಥವರ ಕೆಲಸ.

ನಾನು ಪುಸ್ತಕದಲ್ಲಿದ್ದುದನ್ನೆಲ್ಲ ಮಾಡಿದೆ. ನೆಲದ ಮೇಲೆ ಅಡ್ಡಡ್ಡ ಹಳದಿ ಟೇಪ್ ಅಂಟಿಸಿ ಅದನ್ನು ದಾಟಿ ನಡೆಯಲು ಹೇಳಿಕೊಟ್ಟೆ. ಮೊಬೈಲ್‌ನಲ್ಲಿ ಟಕ್ ಟಕ್ ಎನ್ನುವ ಮೆಟ್ರೋನೋಮ್ ಹಾಕಿ ಅದರ ಲಯಕ್ಕೆ ಕಾಲು ಎತ್ತಿಸಿದೆ. ಟೇಪ್ ಇದ್ದಷ್ಟು ದೂರ ನಡೆದರು. ಮೆಟ್ರೋನೋಮ್ ಮಾತ್ರ ಅವರಿಗೆ ಸೇರಲಿಲ್ಲ.

"ಇದು ಬಡಗಿ ಮನ್ಯಾಗ ಕೂತಂಗ ಆಗ್ತದ ಮೇಡಂ," ಎಂದು ಮುಖ ಗಂಟಿಕ್ಕಿದರು. "ಟಕ್ ಟಕ್ ಅಂತದ. ಮುಂದೇನು?"

ಮನೆಗೆ ಹೋದರೆ ಮತ್ತೆ ಅದೇ ಹೊಸ್ತಿಲು, ಅದೇ ನಿಲುಗಡೆ. ಮೂರನೇ ಸಲ ಬಿದ್ದಾಗ ತಲೆಗೆ ಹೊಲಿಗೆ ಬಿತ್ತು. ಇನ್ನೊಮ್ಮೆ ಬಿದ್ದು ಸೊಂಟದ ಮೂಳೆ ಮುರಿದರೆ ಹಾಸಿಗೆಯೇ ಗತಿ ಎಂದು ನರರೋಗ ತಜ್ಞರು ಎಚ್ಚರಿಸಿದರು. ಚನ್ನಬಸಪ್ಪನವರು ಹೊರಗೆ ಬರುವುದನ್ನೇ ಬಿಟ್ಟರು. ದಿನವೂ ನಾಲ್ಕು ಮಂದಿಯ ನಡುವೆ ಕೂತು ದರ ಕೂಗಿ ಬದುಕಿದ ಮನುಷ್ಯ ಕೋಣೆಯ ಗೋಡೆಗೆ ಮುಖಮಾಡಿ ಮಲಗಿರುತ್ತಾರೆ ಎಂದು ನೀಲಮ್ಮ ಹೇಳಿದರು. ಗುರುವಾರ ಒಂದು ದಿನವಾದರೂ ಬಿಡದೆ ಕರೆತನ್ನಿ ಎಂದಷ್ಟೇ ಹೇಳಿದೆ.

ಆ ಮಳೆಗಾಲದ ಒಂದು ಗುರುವಾರ ಅವರು ನನ್ನ ಬಾಗಿಲಲ್ಲಿ ಎಂದಿನಂತೆ ಸಿಕ್ಕಿಕೊಂಡಿದ್ದರು. ಅವರ ಹಿಂದೆ ವಾಮನರಾಯರು ನಿಂತಿದ್ದರು. ರಾಯರು ಅಂಚೆ ಇಲಾಖೆಯಿಂದ ನಿವೃತ್ತರಾದವರು. ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ. ಅವರಿಗೂ ಪಾರ್ಕಿನ್ಸನ್, ಆದರೆ ಬೇರೆ ಬಗೆಯದು. ಬಲಗೈ ನಡುಗುತ್ತಿತ್ತು, ದನಿ ಉಡುಗಿಹೋಗಿತ್ತು. ಪಕ್ಕದಲ್ಲಿ ಕೂತವರಿಗೂ ಅವರ ಮಾತು ಕೇಳಿಸುತ್ತಿರಲಿಲ್ಲ. ಈ ಕಾಯಿಲೆಯಲ್ಲಿ ಗಂಟಲಿನ ಸ್ನಾಯುಗಳೂ ಸೋಲುತ್ತವೆ. ಅವರ ಮನೆತನ ಪ್ರತಿ ಆಷಾಢದಲ್ಲಿ ಹಾಡುತ್ತ ಸಾಗುವ ಭಕ್ತರ ದಿಂಡಿಯ ಜೊತೆ ಪಂಢರಪುರಕ್ಕೆ ನಡೆದು ಹೋಗುವಂಥದ್ದು. ಆ ವರ್ಷ ಮನೆಯವರು ಅವರನ್ನು ಬಿಟ್ಟು ಹೋಗಿದ್ದರು.

ಹಿಂದಿನಿಂದ ರಾಯರು ಏನೋ ಹೇಳಿದರು; ಯಾರಿಗೂ ಕೇಳಲಿಲ್ಲ. ಆಗ ಅವರು ಚಪ್ಪಾಳೆ ತಟ್ಟತೊಡಗಿದರು. ಸುಮ್ಮನಿದ್ದಾಗ ನಡುಗುವ ಕೈ ಕೆಲಸಕ್ಕೆ ಇಳಿದಾಗ ನಡುಗುವುದಿಲ್ಲ, ಹಾಗಾಗಿ ಚಪ್ಪಾಳೆ ಖಡಕ್ಕಾಗಿ ಬಂತು. ಚಪ್ಪಾಳೆಯ ಜೊತೆಗೆ ಅವರ ಕಾಲೂ ಎದ್ದಿತು. ಎರಡು ಹೆಜ್ಜೆ ಮುಂದೆ, ಒಂದು ಹಿಂದೆ, ಮೊಣಕಾಲು ಮಡಿಸಿ ಒಂದು ಸಣ್ಣ ನೆಗೆತ. ದಿಂಡಿಯಲ್ಲಿ ತಾಳ ಹಿಡಿದವರು ಹಾಕುವ ಈ ಹೆಜ್ಜೆಗೆ ಪಾವಲಿ ಎನ್ನುತ್ತಾರೆ. "ವಿಠ್ಠಲ, ವಿಠ್ಠಲ" ಎಂಬ ಅವರ ದನಿ ಮೊದಲು ಉಸಿರಿನಂತೆ ಬಂದು ಆಮೇಲೆ ಪಡಸಾಲೆಗೆಲ್ಲ ಕೇಳುವಷ್ಟಾಯಿತು.

ಚನ್ನಬಸಪ್ಪನವರ ಬಲಗಾಲು ನೆಲ ಬಿಟ್ಟಿತು. ಹೊಸ್ತಿಲು ದಾಟಿ, ನನ್ನ ಮೇಜಿನವರೆಗೆ ಬಂದು, ಅಲ್ಲಿಂದ ತಿರುಗಿ ಕಿಟಕಿಯವರೆಗೂ ಹೋದರು. ನೀಲಮ್ಮನ ಕೈ ಗಾಳಿಯಲ್ಲೇ ಉಳಿದಿತ್ತು.

"ನೀವು ಮೊದಲ ಕುಣೀತಿದ್ರೇನ್ರೀ?" ಎಂದು ಕೇಳಿದೆ.

ಅವರು ಕಿಟಕಿಯ ಸರಳು ಹಿಡಿದು ನಿಂತರು. ಉಸಿರು ಏರಿತ್ತು. "ಕೋಲಾಟ ಆಡ್ತಿದ್ದೆರೀ. ಮಹಾಗಾಂವದಾಗ ಹುಟ್ಟಿದಾಂವ ನಾನು. ನಮ್ಮ ಮೇಳ ಹೋಗದ ಊರಿಲ್ಲ. ಗಂಜ್‌ಗೆ ಬಂದ ಮ್ಯಾಲ ಕೋಲು ಮುಟ್ಟಿಲ್ಲ." ಆಮೇಲೆ ರಾಯರ ಕಡೆ ತಿರುಗಿ, "ರಾಯರ, ಇನ್ನೊಮ್ಮೆ ಚಪ್ಪಾಳಿ ಹೊಡೀರಿ. ವಾಪಸ್ ಬಾಗಲತನ ಹೋಗಬೇಕಲ್ಲ" ಎಂದರು. ಆ ಮನುಷ್ಯ ನಕ್ಕದ್ದನ್ನು ನಾನು ಅಂದೇ ಮೊದಲು ಕಂಡದ್ದು.

ಲಯವಿದ್ದರೆ ಪಾರ್ಕಿನ್ಸನ್ ರೋಗಿಗಳ ಹೆಜ್ಜೆ ಸುಧಾರಿಸುತ್ತದೆ ಎಂಬುದು ನಮ್ಮ ವೃತ್ತಿಯಲ್ಲಿ ಹೊಸ ಸಂಗತಿಯಲ್ಲ. ಮೆಟ್ರೋನೋಮ್ ಬಳಸುವುದೂ ಅದಕ್ಕೇ. ಹೊರದೇಶಗಳಲ್ಲಿ ಇಂಥವರಿಗಾಗಿಯೇ ನೃತ್ಯದ ತರಗತಿಗಳಿವೆ ಎಂದೂ ಓದಿದ್ದೆ. ಅಲ್ಲಿ ಕಲಿಸುವ ನೃತ್ಯಗಳನ್ನು ಕಮಲಾಪುರಕ್ಕೆ ತರುವ ಅಗತ್ಯ ಇರಲಿಲ್ಲ. ಇಲ್ಲಿಯವರ ಮೈಯಲ್ಲಿ ಇಲ್ಲಿಯ ಕುಣಿತವೇ ಇತ್ತು. ಮುಂದಿನ ವಾರ ಶೆಡ್‌ನಲ್ಲಿದ್ದ ಮುರಿದ ಮಂಚಗಳನ್ನು ಹೊರಗೆ ಹಾಕಿಸಿ, ಗೋಡೆಗುಂಟ ಕುರ್ಚಿ ಇಡಿಸಿದೆ.

ಮೊದಲ ದಿನ ಇವರಿಬ್ಬರ ಜೊತೆ ಮಹಾನಂದಾ ಅಕ್ಕೋರು ಬಂದರು. ಸರಕಾರಿ ಶಾಲೆಯಲ್ಲಿ ಪಿ.ಟಿ. ಟೀಚರ್ ಆಗಿದ್ದವರು, ಊರಿನ ಅರ್ಧ ಜನಕ್ಕೆ ಲೇಜಿಮ್ ಕಲಿಸಿದವರು. ಗೆಜ್ಜೆಬಿಲ್ಲೆಗಳ ಆ ಮರದ ಬಿಲ್ಲನ್ನು ಹಿಡಿದು ನೂರಾರು ಮಕ್ಕಳನ್ನು ಒಂದೇ ತಾಳಕ್ಕೆ ಕುಣಿಸಿದ ಹೆಂಗಸಿಗೆ ಈಗ ಪಾರ್ಕಿನ್ಸನ್‌ನಿಂದಾಗಿ ಸೀರೆಯ ನಿರಿಗೆ ಹಿಡಿಯುವುದೂ ಕಷ್ಟವಾಗಿತ್ತು. ಬ್ಯಾಂಕಿನಲ್ಲಿ ಕೆಲಸ ಮಾಡುವ ಮಗ ಅರವಿಂದ ಕಲಬುರಗಿಯಿಂದ ಬಂದು ಅವರನ್ನು ಕ್ಲಿನಿಕ್‌ಗೆ ಬಿಟ್ಟು ಹೋಗುತ್ತಿದ್ದ.

ಸುಲಭವಾಗಿ ಶುರುವಾಗುತ್ತದೆ ಎಂದುಕೊಂಡಿದ್ದೆ. ಮೊದಲ ಅರ್ಧ ಗಂಟೆ ಜಗಳದಲ್ಲೇ ಹೋಯಿತು.

"ಪಾವಲಿಗೆ ವಿಠ್ಠಲನ ಹೆಸರು ಬೇಕ ಬೇಕು," ರಾಯರು ಕ್ಷೀಣ ದನಿಯಲ್ಲೇ ಪಟ್ಟು ಹಿಡಿದರು. "ಹೆಸರಿಲ್ದ ಕುಣಿದ್ರ ಅದು ಬರೇ ಕಸರತ್ತು ಆಗ್ತದ."

"ನಮ್ಮ ಕೋಲಿಗೂ ಹಾಡು ಅವ," ಎಂದರು ಚನ್ನಬಸಪ್ಪ. "ಶಿವನ ಹೆಸರಿಲೆ ಎತ್ತಿದ ಕೋಲು. ಬ್ಯಾರೇ ಹಾಡಿಗೆ ಹ್ಯಾಂಗ ಹೊಡೀಲಿ?"

ನಾನು ಏನಾದರೂ ಹೇಳುವ ಮೊದಲೇ ಅಕ್ಕೋರು ಕುರ್ಚಿ ಹಿಡಿದು ಎದ್ದು ನಿಂತರು. "ಇಬ್ರೂ ಜರಾ ಬಾಯಿ ಮುಚ್ಚಿ ಕಾಲು ಎತ್ರಿ. ಹಾಡು ನಿಮ್ಮ ನಿಮ್ಮ ಮನ್ಯಾಗಿಂದ ತಂದೀರಿ, ಛಲೋ ಆತು. ಎಂಟು ಎಣಿಕಿ ಯಾರ ಮನೀದೂ ಅಲ್ಲ. ನಾ ಎಣಸ್ತೀನಿ, ನೀವು ಹೆಜ್ಜಿ ಹಾಕ್ರಿ." ಹೀಗೆಂದು ಮೈದಾನದಲ್ಲಿ ನಿಂತ ಗತ್ತಿನಲ್ಲಿ ಎಣಿಸತೊಡಗಿದರು. ಗಂಡಸರಿಬ್ಬರೂ ಶಾಲೆಯ ಹುಡುಗರಂತೆ ಹೆಜ್ಜೆ ಹಾಕಿದರು.

ಹೀಗೆ ಮೂರು ಕುಣಿತ ಸೇರಿ ಒಂದಾಯಿತು. ಕೋಲಾಟದ ವೃತ್ತ, ಪಾವಲಿಯ ಹೆಜ್ಜೆ, ಲೇಜಿಮ್‌ನ ಎಣಿಕೆ. ನಾನು ವೃತ್ತದ ಹೊರಗೆ ನಿಂತು ಯಾರ ಮೈ ವಾಲುತ್ತಿದೆ, ಯಾರಿಗೆ ಉಸಿರು ಏರಿದೆ ಎಂದು ನೋಡುತ್ತಿದ್ದೆ. ಸುದ್ದಿ ಹರಡಿ ಮಹಾಗಾಂವದಿಂದ ಟೆಂಪೋ ಹತ್ತಿ ಕೆಲವರು ಬಂದರು, ಕಲಬುರಗಿಯಿಂದಲೂ ಬಂದರು. ಅವರಲ್ಲಿ ನಿವೃತ್ತ ಬಸ್ ಡ್ರೈವರ್ ಖಾಸಿಂಸಾಬರು ಮೊಹರಂ ದಿನಗಳಲ್ಲಿ ಊರವರೆಲ್ಲ ಸೇರಿ ಹಾಕುವ ಅಲಾಯಿ ಹೆಜ್ಜೆಯನ್ನು ತಂದು ಸೇರಿಸಿದರು. ಚನ್ನಬಸಪ್ಪನವರಿಗೆ ಅದು ಆಗಲೇ ಬರುತ್ತಿತ್ತು. ಚಿಕ್ಕಂದಿನಲ್ಲಿ ಮಹಾಗಾಂವದಲ್ಲಿ ಹಾಕಿದ್ದರಂತೆ. ಯಾರೋ ಬಾಳೆಹಣ್ಣಿನ ಗೊನೆ ತರುತ್ತಿದ್ದರು, ಯಾರೋ ಚುರುಮುರಿಯ ಸುಸಲಾ ಕಟ್ಟಿಕೊಂಡು ಬರುತ್ತಿದ್ದರು. ಚಿಕಿತ್ಸೆ ಮುಗಿದರೂ ಯಾರೂ ಬೇಗ ಮನೆಗೆ ಹೋಗುತ್ತಿರಲಿಲ್ಲ.

ಒಂದು ಗುರುವಾರ ರಾಯರ ದನಿ ಏಳಲೇ ಇಲ್ಲ. ಬಾಯಿ ತೆರೆದರು, ಉಸಿರಷ್ಟೇ ಬಂತು. ಹಾಡಿಲ್ಲದೆ ವೃತ್ತ ತಡವರಿಸಿತು. ಆಗ ಚನ್ನಬಸಪ್ಪನವರು, ಕೋಲು ಎತ್ತಿ, ತಾವೇ ವಿಠ್ಠಲನ ಹಾಡು ಶುರುಮಾಡಿದರು. ಮರಾಠಿ ಮಾತುಗಳೆಲ್ಲ ತಪ್ಪು. ರಾಯರು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ನಗುತ್ತ ನಗುತ್ತಲೇ ಅವರ ದನಿ ಬಿಟ್ಟಿತು.

"ಅಹೋ ಸಾವ್ಕಾರ್ರ," ಎಂದರು, "ಹಿಂಗ ಹಾಡಿದ್ರ ವಿಠ್ಠಲ ಇಟ್ಟಂಗಿ ಮ್ಯಾಲಿಂದ ಇಳದು ಓಡ್ಯಾನು!"

ಮುಂದಿನ ವಾರ ಶಿವನ ಹಾಡಿಗೆ ರಾಯರು ಚಪ್ಪಾಳೆ ಹಾಕಿದರು. ಆಮೇಲೆ ಈ ವಿಷಯಕ್ಕೆ ಯಾರೂ ತಕರಾರು ತೆಗೆಯಲಿಲ್ಲ.

ಎಲ್ಲ ಸರಿಯಾಗಿ ನಡೆಯುತ್ತಿದ್ದಾಗ ಆ ಅವಘಡವಾಯಿತು. ಪಾರ್ಕಿನ್ಸನ್ ರೋಗಿಗಳಿಗೆ ಮುಂದಕ್ಕಿಡುವ ಹೆಜ್ಜೆಗಿಂತ ಹಿಂದಕ್ಕಿಡುವ ಹೆಜ್ಜೆ ಅಪಾಯ. ಮೈ ಹಿಂದಕ್ಕೆ ವಾಲಿದರೆ ಸಾವರಿಸಿಕೊಳ್ಳುವುದು ಕಷ್ಟ. ಹಿಂದೆ ಸರಿಯುವಾಗ ಪಕ್ಕದವರ ಕೈ ಹಿಡಿಯಬೇಕೆಂಬುದು ನಮ್ಮ ನಿಯಮ. ಅಂದು ಮಹಾನಂದಾ ಅಕ್ಕೋರು ಎಣಿಕೆಯ ಹುರುಪಿನಲ್ಲಿ ಕೈ ಬಿಟ್ಟು ಸರ್ರನೆ ತಿರುಗಿ ಹಿಂದಕ್ಕೆ ವಾಲಿದರು. ನಾನು ಓಡಿ ಹೋಗಿ ತಲೆ ನೆಲಕ್ಕೆ ಬಡಿಯದಂತೆ ಹಿಡಿದೆ. ಆದರೆ ಎಡಗೈ ಊರಿದ್ದರಿಂದ ಮಣಿಕಟ್ಟಿನ ಮೂಳೆ ಮುರಿಯಿತು. ಆಂಬುಲೆನ್ಸ್‌ನಲ್ಲಿ ಅವರ ಪಕ್ಕ ಕೂತು ಕಲಬುರಗಿಗೆ ಬಂದೆ. ದಾರಿಯುದ್ದಕ್ಕೂ ಅವರು ನೋವಿಗೆ ಹಲ್ಲು ಕಚ್ಚಿ, "ಮಗನಿಗೆ ನಾನ ಹೇಳ್ತೀನಿ, ನೀವು ಸುಮ್ನಿರ್ರಿ" ಎನ್ನುತ್ತಿದ್ದರು.

ಅರವಿಂದ ಎಕ್ಸ್‌ರೇ ಕೋಣೆಯ ಹೊರಗೆ ಕಾಯುತ್ತಿದ್ದ. ನನ್ನನ್ನು ಕಾಣುತ್ತಲೇ ಎದುರಿಗೆ ಬಂದು ನಿಂತ.

"ಮೇಡಂ, ನಮ್ಮ ಅವ್ವನ್ನ ನಡಸ್ರಿ ಅಂತ ಕಳಿಸಿದ್ವಿ. ಕುಣಸ್ರಿ ಅಂತ ಯಾರು ಹೇಳಿದ್ರು?"

ತಾಯಿಯ ಕೈ ಮುರಿದಿರುವಾಗ ಮಗನಿಗೆ ವಿವರಣೆ ರುಚಿಸುವುದಿಲ್ಲ. ಅವನು ಆಸ್ಪತ್ರೆಯ ವೈದ್ಯಕೀಯ ನಿರ್ದೇಶಕರ ಬಳಿ ದೂರು ಹೇಳಿದ. ನಿರ್ದೇಶಕರು ಮೂಳೆ ತಜ್ಞರು, ಮಾತು ಕಡಿಮೆ, ನ್ಯಾಯವಂತರು. ಮರುದಿನ ನನ್ನನ್ನು ಕರೆಸಿ ಎಲ್ಲವನ್ನೂ ಕೇಳಿಸಿಕೊಂಡರು.

"ನಿಮ್ಮ ಉದ್ದೇಶದ ಬಗ್ಗೆ ನನಗ ಸಂಶಯ ಇಲ್ಲ," ಎಂದರು. "ಆದ್ರ ಮೂಳಿ ಮುರದದ್ದು ಖರೇ ಅದ. ಇನ್ನೊಬ್ರದು ಮುರೀತಂದ್ರ ಯಾರು ಉತ್ತರ ಕೊಡ್ತೀರಿ? ಸದ್ಯ ನಿಲ್ಲಸ್ರಿ."

ಶೆಡ್‌ಗೆ ಬೀಗ ಬಿತ್ತು. ಗುರುವಾರಗಳಂದು ನಾನು ಒಬ್ಬೊಬ್ಬರನ್ನೇ ಕರೆದು ಪಡಸಾಲೆಯ ಟೇಪ್‌ಗಳ ಮೇಲೆ ನಡೆಸಿದೆ. ಕೆಲವರು ಬರುವುದನ್ನೇ ಬಿಟ್ಟರು. ಒಂದು ಮಧ್ಯಾಹ್ನ ನೀಲಮ್ಮ ಫೋನ್ ಮಾಡಿದರು.

"ಕೋಲು ಹಿಡ್ಕೊಂಡು ಪಡಸಾಲಿಯೊಳಗ ನಿಂತಾರ್ರಿ. ಹೊರಗ ಬರಾಕ ಒಲ್ಲರು. ಒಬ್ರ ಹ್ಯಾಂಗ ಕೋಲಾಟ ಆಡೂದು ಅಂತಾರ. ನಾ ಏನಂತ ಹೇಳ್ಲಿ ಮೇಡಂ?"

ಫೋನ್ ಇಟ್ಟ ಮೇಲೂ ಆ ಪ್ರಶ್ನೆ ನನ್ನ ಜೊತೆಗೇ ಉಳಿಯಿತು. ಮೆಟ್ರೋನೋಮ್‌ನಲ್ಲಿ ಲಯವಿತ್ತು, ಆದರೆ ಅದು ಒಬ್ಬರಿಗಾಗಿ ಬಡಿಯುವ ಲಯ. ಕೋಲಿಗೆ ಎದುರು ಇನ್ನೊಂದು ಕೋಲು ಬೇಕು. ಚನ್ನಬಸಪ್ಪನವರ ಕಾಲನ್ನು ಎಬ್ಬಿಸುತ್ತಿದ್ದುದು ಬರೀ ತಾಳವಲ್ಲ, ಎದುರಿನವರು ಕೋಲು ಎತ್ತಿ ಕಾಯುತ್ತಿದ್ದಾರೆ ಎಂಬ ತಿಳಿವಳಿಕೆ. ನಿರ್ದೇಶಕರಿಗೆ ಇದನ್ನು ಹೇಗೆ ತೋರಿಸಲಿ ಎಂದು ನಾನು ಯೋಚಿಸುತ್ತಿದ್ದಾಗಲೇ ಅದಕ್ಕೆ ದಾರಿ ಮಾಡಿದವರು ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ ಅಕ್ಕೋರು.

ಪ್ಲಾಸ್ಟರ್ ತೋರಿಸಲು ಅವರು ಆಸ್ಪತ್ರೆಗೆ ಬರಬೇಕಾದ ದಿನ ಹತ್ತಿರವಿತ್ತು. ಅಂದೇ ನಿರ್ದೇಶಕರನ್ನು ಕಾಣುತ್ತೇನೆಂದು ಸಮಯ ಕೇಳಿ, ನಮ್ಮವರಿಗೆಲ್ಲ ತಾವೇ ಫೋನ್ ಮಾಡಿದ್ದರು. ಚನ್ನಬಸಪ್ಪನವರ ತಮ್ಮ ಗಂಜ್‌ನಿಂದ ಗಾಡಿ ಕಳಿಸಿದ. ಹೀಗೆ ಒಂದು ಮುಂಜಾನೆ ಕಮಲಾಪುರದ ಕುಣಿತದವರು ನಮ್ಮ ಆಸ್ಪತ್ರೆಯ ಮುಂದೆ ಬಂದಿಳಿದರು: ಚನ್ನಬಸಪ್ಪ, ನೀಲಮ್ಮ, ವಾಮನರಾಯರು, ಖಾಸಿಂಸಾಬರು, ಕೊರಳಿಗೆ ಕೈ ತೂಗುಹಾಕಿಕೊಂಡ ಅಕ್ಕೋರು. ಪಕ್ಕದಲ್ಲಿ ಮುಖ ಬಿಗಿದುಕೊಂಡ ಅರವಿಂದ. ನಾನು ಕೆಳಗಿಳಿದು ಬಂದು ಅವರನ್ನು ಸೇರಿಕೊಂಡೆ.

ನಿರ್ದೇಶಕರ ಕೋಣೆ ಮೇಲಿನ ಮಹಡಿಯಲ್ಲಿತ್ತು. ಲಿಫ್ಟ್ ಬಾಗಿಲು ತೆರೆಯಿತು. ಫ್ರೀಜಿಂಗ್ ಇದ್ದವರಿಗೆ ಲಿಫ್ಟ್‌ನಷ್ಟು ಕಷ್ಟದ ಬಾಗಿಲು ಇನ್ನೊಂದಿಲ್ಲ. ನೆಲದಲ್ಲಿ ಸೀಳು, ಒಳಗೆ ಇಕ್ಕಟ್ಟು, ತಾನೇ ಮುಚ್ಚಿಕೊಳ್ಳುವ ಕದ. ಚನ್ನಬಸಪ್ಪನವರು ಸೀಳಿನ ಮುಂದೆ ನಿಂತರು, ನಿಂತೇಬಿಟ್ಟರು. ಕದ ಮುಚ್ಚಲು ಬಂತು, ಖಾಸಿಂಸಾಬರು ಕೈ ಅಡ್ಡ ಹಿಡಿದರು, ಮತ್ತೆ ತೆರೆಯಿತು. ಹಿಂದೆ ಸ್ಟ್ರೆಚರ್‌ನವರು, ಸಂದರ್ಶಕರು, ನರ್ಸ್‌ಗಳು ಜಮಾಯಿಸಿದರು. "ಎತ್ತಿ ಒಳಗ ಇಡ್ರಿ ಅತ್ಲಾಗ," ಎಂದು ಯಾರೋ ಗೊಣಗಿದರು. ಚನ್ನಬಸಪ್ಪನವರ ಕಿವಿ ಕೆಂಪಾಯಿತು. ಆ ಅವಮಾನದಲ್ಲಿ ಅವರ ಮೈ ಇನ್ನಷ್ಟು ಬಿಗಿಯಿತು.

ಅದೇ ಹೊತ್ತಿಗೆ ರೌಂಡ್ಸ್ ಮುಗಿಸಿ ಮೇಲೆ ಹೋಗಲು ನಿರ್ದೇಶಕರು ಬಂದರು. ಗುಂಪನ್ನು ಕಂಡು ನಿಂತರು.

ಅಕ್ಕೋರು ಅವರ ಕಡೆ ನೋಡಲೂ ಇಲ್ಲ. ಸರಿಯಾಗಿದ್ದ ಕೈಯನ್ನು ಎತ್ತಿ, ದೊಡ್ಡ ದನಿಯಲ್ಲಿ ಎಣಿಕೆ ಶುರುಮಾಡಿದರು. ರಾಯರ ಚಪ್ಪಾಳೆ ಸೇರಿತು. ಖಾಸಿಂಸಾಬರು ಕದಕ್ಕೆ ಬೆನ್ನು ಕೊಟ್ಟು ನಿಂತು, ಚನ್ನಬಸಪ್ಪನವರ ಎದುರಿಗೆ ಅಂಗೈ ಎತ್ತಿ ಹಿಡಿದರು, ಕೋಲಿಗೆ ಕೋಲು ಕೊಡುವವರಂತೆ.

"ಬರ್ರಿ ಸಾವ್ಕಾರ್ರ. ನಾ ಎಷ್ಟೊತ್ತು ಕೈ ಎತ್ತಿ ನಿಲ್ಲಬೇಕು?"

ಚನ್ನಬಸಪ್ಪನವರ ಕಣ್ಣು ನೆಲದ ಸೀಳಿನಿಂದ ಎದ್ದು ಆ ಅಂಗೈಯ ಮೇಲೆ ನಿಂತಿತು. ಕಾಲು ಎದ್ದಿತು. ಸೀಳು ದಾಟಿ, ಖಾಸಿಂಸಾಬರ ಅಂಗೈಗೆ ತಮ್ಮ ಅಂಗೈ ಬಡಿದು, ಲಿಫ್ಟ್‌ನೊಳಗೆ ಒಂದು ಸುತ್ತು ತಿರುಗಿ, ಬಾಗಿಲಿಗೆ ಮುಖಮಾಡಿ ನಿಂತರು. ಸ್ಟ್ರೆಚರ್ ಹಿಡಿದಿದ್ದ ವಾರ್ಡ್ ಬಾಯ್ ಕೂಡ ಚಪ್ಪಾಳೆ ಹೊಡೆಯುತ್ತಿದ್ದ. ಮೊದಲು ಗೊಣಗಿದ್ದವರು ಯಾರೆಂದು ಆಮೇಲೆ ಗೊತ್ತಾಗಲಿಲ್ಲ.

ಅರವಿಂದ ನೋಡುತ್ತಿದ್ದದ್ದು ಚನ್ನಬಸಪ್ಪನವರನ್ನಲ್ಲ, ತನ್ನ ತಾಯಿಯನ್ನು. ಎಣಿಸುತ್ತಿದ್ದಾಗ ಅವರ ಬೆನ್ನು ನೆಟ್ಟಗಾಗಿತ್ತು, ಮುಖದಲ್ಲಿ ಕಳೆ ಬಂದಿತ್ತು. ಈ ಕಾಯಿಲೆ ಮುಖದ ಭಾವವನ್ನೂ ಕಸಿಯುತ್ತದೆ. ಮನೆಯವರಿಗೆ ಅದೇ ದೊಡ್ಡ ನೋವು.

"ಅವ್ವಾ," ಎಂದ ಅವನು ಮೆಲ್ಲಗೆ, "ಇಷ್ಟು ಜೋರು ದನಿ ಇನ್ನೂ ಅದೇನು ನಿನಗ?"

"ಮನ್ಯಾಗ ಯಾರನ್ನ ಕುಣಸ್ಲೋ?" ಎಂದರು ಅಕ್ಕೋರು.

ನಿರ್ದೇಶಕರ ಕೋಣೆಯಲ್ಲಿ ಮಾತುಕತೆ ದೀರ್ಘವಾಗಲಿಲ್ಲ. ಅಕ್ಕೋರು ನೇರವಾಗಿ ಹೇಳಿದರು: "ಡಾಕ್ಟರ್ರ, ನಾ ನಿಯಮ ಬಿಟ್ಟು ತಿರುಗಿದೆ, ಬಿದ್ದೆ. ಮನ್ಯಾಗ ಬಚ್ಚಲಕ್ಕ ಹೋಗಾಗ ಬಿದ್ದಿದ್ರ ನನ್ನ ಎತ್ತಾಕ ಯಾರೂ ಇರ್ತಿರ್ಲಿಲ್ಲ. ಅಲ್ಲಿ ಇಷ್ಟು ಮಂದಿ ಇದ್ರು."

ನಿರ್ದೇಶಕರು ನನ್ನ ಕಡೆ ತಿರುಗಿದರು. ಷರತ್ತುಗಳನ್ನು ಹಾಕಿದರು, ಎಲ್ಲವೂ ಸರಿಯಾದವೇ. ಸಮತೋಲ ಕಡಿಮೆ ಇರುವವರ ಸೊಂಟಕ್ಕೆ ಬೇರೆಯವರು ಹಿಡಿದುಕೊಳ್ಳಲು ಒಂದು ಬೆಲ್ಟ್, ನೆಲಕ್ಕೆ ಜಾರದ ಹಾಸು, ಪ್ರತಿಯೊಬ್ಬ ರೋಗಿಯ ಪಕ್ಕ ಮನೆಯವರೊಬ್ಬರು, ಹಿಂದಕ್ಕಿಡುವ ಹೆಜ್ಜೆ ಕುರ್ಚಿಯಲ್ಲಿ ಕೂತಾಗ ಮಾತ್ರ. "ಮುಂದಿನ ಗುರುವಾರ ನಾನೂ ಬರ್ತೀನಿ," ಎಂದರು. "ನೋಡಾಕ. ಕುಣ್ಯಾಕಲ್ಲ."

ಅವರು ಬಂದರು, ಕುಣಿಯಲೂ ಇಲ್ಲ. ಆದರೆ ಗೋಡೆಗೆ ಒರಗಿ ನಿಂತಿದ್ದ ಅವರ ಬೂಟು ತಾಳ ಹಾಕುತ್ತಿದ್ದುದನ್ನು ಎಲ್ಲರೂ ನೋಡಿದೆವು.

ಮನೆಯವರೊಬ್ಬರು ಪಕ್ಕದಲ್ಲಿರಬೇಕೆಂಬ ಷರತ್ತು ನಾನು ನಿರೀಕ್ಷಿಸದ ಒಂದು ಉಪಕಾರ ಮಾಡಿತು. ಅಲ್ಲಿಯವರೆಗೆ ಹೆಂಡಂದಿರು, ಗಂಡಂದಿರು, ಮಕ್ಕಳು ಹೊರಗೆ ಕಟ್ಟೆಯ ಮೇಲೆ ಕೂತು ಕಾಯುತ್ತಿದ್ದರು. ಈಗ ಅವರೂ ವೃತ್ತದೊಳಗೆ ಬಂದರು. ನೀಲಮ್ಮ ಮೊದಲ ದಿನ ಸೆರಗು ಬಾಯಿಗೆ ಒತ್ತಿಕೊಂಡು ನಿಂತರು. ಮಹಾಗಾಂವದಲ್ಲಿ ಗಂಡಸರ ಕೋಲಾಟವೇ ಬೇರೆ, ಹೆಂಗಸರದೇ ಬೇರೆ. ಮದುವೆಯಾದಂದಿನಿಂದ ಗಂಡನ ಕೋಲಿಗೆ ಅವರು ಕೋಲು ಕೊಟ್ಟವರಲ್ಲ.

"ಹೊಡಿ," ಎಂದರು ಚನ್ನಬಸಪ್ಪ.

"ಮಂದಿ ನೋಡಾಕತ್ತಾರ್ರೀ."

"ನೋಡ್ಲಿ ಬಿಡು. ಇಷ್ಟು ದಿವಸ ನನ್ನ ಎಳಕೊಂಡು ತಿರುಗೀದಿ, ಅದನ್ನೂ ಮಂದಿ ನೋಡ್ಯಾರ."

ನೀಲಮ್ಮ ಹೊಡೆದರು. ಮೊದಲ ಏಟು ಗುರಿ ತಪ್ಪಿ ಗಂಡನ ಬೆರಳಿಗೆ ಬಿತ್ತು. ಶೆಡ್ಡು ತುಂಬ ನಗು. ಅಂದಿನಿಂದ ಅವರು ಗಂಡನ ತೋಳು ಹಿಡಿದು ಎಳೆಯುವುದನ್ನು ಬಿಟ್ಟರು. ಮನೆಯ ಹೊಸ್ತಿಲು ಬಂದಾಗ ಆಚೆ ಬದಿಗೆ ಹೋಗಿ ಎದುರು ನಿಂತು ಕೈ ಎತ್ತುತ್ತಿದ್ದರು. ಗುರುವಾರದ ಬದಲು ತನಗೆ ರಜೆ ಸಿಗುವ ಶನಿವಾರಗಳಂದು ಕುಣಿತ ಇಡಲಾಗುತ್ತದೆಯೇ ಎಂದು ಅರವಿಂದ ಕೇಳಿದ. ಆಗಲಿಲ್ಲ. ಅವನೇ ಗುರುವಾರ ಅರ್ಧ ದಿನ ರಜೆ ಹಾಕಿ ಬರತೊಡಗಿದ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಕುಣಿತ ಪಾರ್ಕಿನ್ಸನ್ ಕಾಯಿಲೆಯನ್ನು ವಾಸಿಮಾಡಲಿಲ್ಲ. ಯಾರ ಮಾತ್ರೆಯನ್ನೂ ನಾವು ನಿಲ್ಲಿಸಲಿಲ್ಲ, ನಿಲ್ಲಿಸಬಾರದು. ಕಾಯಿಲೆ ತನ್ನ ದಾರಿಯಲ್ಲಿ ಮುಂದುವರಿಯಿತು. ಚನ್ನಬಸಪ್ಪನವರಿಗೆ ಆಮೇಲೆ ನಿಲ್ಲುವುದೇ ಕಷ್ಟವಾಗಿ ಗಾಲಿಕುರ್ಚಿ ಬಂತು. ನಾವು ಕುರ್ಚಿಯನ್ನು ವೃತ್ತದಲ್ಲೇ ಇಟ್ಟೆವು. ಸುತ್ತು ಬರುವವರು ಅವರ ಮುಂದೆ ಬಂದಾಗ ಬಾಗಿ ಕೋಲು ಕೊಟ್ಟು ಹೋಗುತ್ತಿದ್ದರು. ರಾಯರಿಗೆ ಇನ್ನೊಮ್ಮೆ ದಿಂಡಿಯಲ್ಲಿ ಪೂರ್ತಿ ನಡೆಯಲಾಗಲಿಲ್ಲ. ಆದರೆ ಒಂದು ಆಷಾಢದಲ್ಲಿ ದಿಂಡಿ ಕಮಲಾಪುರದಿಂದ ಹೊರಡುವಾಗ ಊರ ಗಡಿಯವರೆಗೆ ಪಾವಲಿ ಹಾಕುತ್ತ ಹೋದರು. ಅಂದು ಅವರ ಎಡಕ್ಕೆ ಖಾಸಿಂಸಾಬರು, ಬಲಕ್ಕೆ ಅಕ್ಕೋರು, ಹಿಂದೆ ಚನ್ನಬಸಪ್ಪನವರ ಕುರ್ಚಿ ತಳ್ಳುತ್ತ ಅರವಿಂದ. ಗಡಿಯಲ್ಲಿ ನಿಂತು ಮನೆಯವರಿಗೆ ಅವರು ಕೂಗಿ ಹೇಳಿದ ಮಾತು ದೂರದಲ್ಲಿ ನಿಂತಿದ್ದ ನನಗೂ ಕೇಳಿಸಿತು. ನನಗೆ ಅಷ್ಟು ಸಾಕಾಗಿತ್ತು.

ಕಳೆದ ವರ್ಷ ನಾನು ನಿವೃತ್ತಳಾದೆ. ಕೊನೆಯ ಗುರುವಾರ ಶೆಡ್‌ಗೆ ಹೋದಾಗ ಶಾಲು, ಹಾರ ತಂದಿರಬಹುದೆಂದು ಅಂಜಿದ್ದೆ. ಅದೇನೂ ಇರಲಿಲ್ಲ. ಎಲ್ಲರೂ ಕೈ ಹಿಡಿದು ನಿಂತಿದ್ದರು. ನೀಲಮ್ಮ ಮತ್ತು ರಾಯರ ನಡುವೆ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟಿದ್ದರು. ಇಷ್ಟು ಕಾಲ ನಾನು ವೃತ್ತದ ಹೊರಗಿದ್ದವಳು. ಯಾರು ಬೀಳುತ್ತಾರೋ ಎಂದು ಕಾಯುವುದು ನನ್ನ ಕೆಲಸವಾಗಿತ್ತು.

"ಇವತ್ತು ನಿಮ್ಮನ್ನ ನಾವು ನೋಡ್ಕೋತೀವಿ, ಬರ್ರಿ," ಎಂದರು ನೀಲಮ್ಮ.

ಒಳಗೆ ಹೋಗಿ ನಿಂತೆ. ಮೊದಲ ಸುತ್ತಿನಲ್ಲೇ ತಪ್ಪಿದೆ, ಎರಡನೆಯದರಲ್ಲೂ ತಪ್ಪಿದೆ. ನಾಚಿಕೆಯಿಂದ ನನ್ನ ಪಾದಗಳನ್ನೇ ನೋಡಿಕೊಳ್ಳುತ್ತಿದ್ದೆ. ರಾಯರು ಕಿವಿಯ ಹತ್ತಿರ ಬಾಗಿ, "ಕಾಲು ನೋಡಬ್ಯಾಡ್ರಿ ಮೇಡಂ, ಎದುರಿನವರ ಮಾರಿ ನೋಡ್ರಿ" ಎಂದರು. ತಲೆ ಎತ್ತಿದೆ. ಎದುರಿಗೆ ಚನ್ನಬಸಪ್ಪನವರು ಕುರ್ಚಿಯಲ್ಲಿ ಕೂತು, ನಾನು ಬಂದು ಮುಟ್ಟುವವರೆಗೆ ಕೋಲು ಎತ್ತಿ ಹಿಡಿದಿದ್ದರು.

ದೇಹದ ಬಗ್ಗೆ ನಾನು ಕಲಿತದ್ದೆಲ್ಲ ಸ್ನಾಯು, ಕೀಲು, ನರಗಳ ಹೆಸರಿನಲ್ಲಿತ್ತು. ಒಬ್ಬ ಮನುಷ್ಯನ ಹೆಜ್ಜೆ ಅವನೊಬ್ಬನದೇ ಎಂದು ಆ ಪಾಠ ಹೇಳುತ್ತಿತ್ತು. ಕಮಲಾಪುರದವರು ಇನ್ನೊಂದನ್ನು ಕಲಿಸಿದರು. ತಾನಾಗಿ ಏಳದ ಕಾಲು, ತನಗಾಗಿ ಕಾಯುತ್ತಿರುವವರ ಕಡೆಗೆ ಏಳುತ್ತದೆ. ಯಾವ ದೇವರ ಹಾಡಿಗೆ, ಯಾವ ಊರಿನ ಹೆಜ್ಜೆಗೆ ಎಂಬುದು ಆಮೇಲಿನ ಮಾತು. ಈ ತಿಳಿವಳಿಕೆಗೆ ನಾನು ಅವರೆಲ್ಲರಿಗೂ ಕೃತಜ್ಞಳು. ಈಗಲೂ ಗುರುವಾರ ಬೆಳಿಗ್ಗೆ ಬಸ್ ಹಿಡಿಯುತ್ತೇನೆ, ಪಾಳಿ ಮುಗಿದವಳಾದರೂ. ಹೆಜ್ಜೆ ಇನ್ನೂ ತಪ್ಪುತ್ತದೆ, ಯಾರೂ ಬಯ್ಯುವುದಿಲ್ಲ.